ಕರಿಕಲ್ಲಿನ ಸಾವಿರ ವರ್ಷ

೨೩ ಜೂನ್ ೧೯೮೩, ಬೆಳಗಾವಿ

ಇಂದಿನಿಂದ ನಾನು ಸಂಶೋಧಕ. ನನ್ನ ಮೇಲೆ ಯಾರಿಗಾದರೂ ಇಷ್ಟೊಂದು ಸಿಟ್ಟಿದೆಯೆಂದು ಗೊತ್ತಿರಲಿಲ್ಲ.

ಪ್ರಿನ್ಸಿಪಾಲರು ಕರೆದು ಚಹಾ ತರಿಸಿದಾಗಲೇ ನನ್ನ ಗ್ರಹಚಾರ ಕೆಟ್ಟಿತೆಂದುಕೊಂಡೆ. ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಚಹಾ ಕುಡಿದವರು ಯಾರೂ ಬಹಳ ದಿನ ಬಾಳಿದ್ದಿಲ್ಲ.

"ಗುರುಪಾದಪ್ಪನವರ, ಬರೂ ಜೂನಿಗೆ ಇತಿಹಾಸದಾಗ ಒಂದ ಜಾಗಾ ಕಾಯಂ ಆಗತೈತ್ರಿ. ಟೆಂಪರರಿ ಇದ್ದವರು ಇಬ್ಬರು, ನೀವು ಮತ್ತ ಬಾಳಪ್ಪ. ಯಾರದು ಪಿಎಚ್.ಡಿ. ಪ್ರಬಂಧ ಮೊದಲ ಮುಗೀತೈತಿ, ಅವರು ಒಳಗ."

"ಇನ್ನೊಬ್ಬರು?"

"ಚಹಾ ಆರತೈತಿ, ಕುಡೀರಿ," ಎಂದರು.

ಬಾಳಪ್ಪನೂ ನಾನೂ ಒಂದೇ ಸ್ಟಾಫ್‌ರೂಮಿನಲ್ಲಿ ಒಂದೇ ಕಪಾಟು ಹಂಚಿಕೊಂಡವರು. ಕೀಲಿ ಮಾತ್ರ ಅವನ ಬಳಿ ಇರುತ್ತದೆ. ಅವನ ಪ್ರಬಂಧ ಆಗಲೇ ಅರ್ಧ ಆಗಿದೆಯಂತೆ. ನಾನು ಎಂಟು ವರ್ಷ ಟೆಂಪರರಿಯಾಗಿ ಇದ್ದದ್ದನ್ನು ಕಂಡು ಕಂಡು, ನನ್ನ ಹೆಂಡತಿ ಕಾಂತಾ ಕೂಡ ಈಚೆಗೆ ನನ್ನನ್ನು ಹಾಗೆಯೇ ನೋಡುತ್ತಾಳೆ.

೩ ಜುಲೈ

ಮಾರ್ಗದರ್ಶಕರು ಸಿಕ್ಕರು. ಪ್ರೊಫೆಸರ್ ಈರಯ್ಯ ಸಾಲಿಮಠ. ನಿವೃತ್ತರು, ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರು, ಮತ್ತು ಕರಿಕಲ್ಲಿನ ಒಡೆಯರು. ಗುಂಜಿ ಸ್ಟೇಷನ್ನಿನಿಂದ ಕಾಡಂಚಿನಲ್ಲಿ ನಡೆದರೆ ಸಿಗುವ ಮಾವಿನವಾಡಿಯಲ್ಲಿ ಒಂದು ಶಾಸನದ ಕಲ್ಲಿದೆ. ಊರ ಹೆಂಗಸರು ಅಮಾವಾಸ್ಯೆಗೆ ಅದಕ್ಕೆ ಮಸಿ ಬಳಿದು ಪೂಜಿಸುತ್ತಾರೆ. ಇವರು ಅದನ್ನು ೧೯೬೧ರಲ್ಲಿ ಕಂಡರು. ಕಂಡದ್ದೇ ತಡ, ಕದಂಬರ ಕಾಲದಿಂದ ಸಾವಿರ ವರ್ಷ ಕಡಿಯದೆ ಬಂದ ಆಚರಣೆ ಎಂದು ಬರೆದರು. ಅಂದಿನಿಂದ ಅವರಿಗೆ ಸನ್ಮಾನದ ಶಾಲು ಹೊದಿಸುವುದೂ ಕಡಿದಿಲ್ಲ.

"ನಿನಗ ತ್ರಾಸಿಲ್ಲಪಾ," ಎಂದರು. "ತೀರ್ಮಾನ ನಾ ಬರದ ಬಿಟ್ಟೀನಿ. ಅದರ ಮುಂದ ಮುನ್ನೂರು ಪುಟ ಹಚ್ಚು."

ಮಗ್ಗುಲಲ್ಲಿದ್ದ ಗೋದಿಯ ಚೀಲ ತೋರಿಸಿ, "ಹೋಗೂ ಮುಂದ ಗಿರಣಿಗೆ ಇದನ್ನ ಹಾಕಿ ಹೋಗು," ಎಂದೂ ಹೇಳಿದರು. ಸಂಶೋಧನೆಯ ಮೊದಲ ಹಂತ ಬೀಸುವುದು ಎಂದು ನನಗೆ ತಿಳಿದಿರಲಿಲ್ಲ.

೧೪ ಆಗಸ್ಟ್

ಭರದಿಂದ ಸಾಗಿದೆ! ಮೂರನೆಯ ಅಧ್ಯಾಯವೂ ಮುಗಿಯಿತು. ಪ್ರೊಫೆಸರರು ಬರೆದದ್ದನ್ನು ಮತ್ತೊಬ್ಬರು ಎತ್ತಿಕೊಂಡಿದ್ದಾರೆ, ಆ ಮತ್ತೊಬ್ಬರನ್ನು ಪ್ರೊಫೆಸರರು ಆಧಾರವಾಗಿ ಎತ್ತಿಕೊಂಡಿದ್ದಾರೆ, ಇಬ್ಬರನ್ನೂ ನಾನು ಎತ್ತಿಕೊಂಡಿದ್ದೇನೆ. ಇಷ್ಟು ಜನ ಸೇರಿ ಎತ್ತಿದ ಮೇಲೆ ಬೀಳುವ ಭಯವಿಲ್ಲ. ಮಾವಿನವಾಡಿಗೆ ಹೋದವರು ಮಾತ್ರ ಪ್ರೊಫೆಸರರೊಬ್ಬರೇ.

ಇಂದು ಆಚರಣೆಯ ವಿವರ ನಕಲು ಮಾಡಿದೆ. ಹೆಂಗಸರು ಮೊದಲು ಕಲ್ಲಿಗೆ ನೀರೆರೆಯುತ್ತಾರೆ. ಮೇಲೆ ಒದ್ದೆಯ ಬಿಳಿ ಬಟ್ಟೆ ಹೊದಿಸುತ್ತಾರೆ. ನಾರಿನ ಕುಂಚದಿಂದ ಅದರ ಮೇಲೆ ಬಡಿಯುತ್ತಾರೆ. ಕೊನೆಗೆ ಬಟ್ಟೆಯ ಉಂಡೆಯಿಂದ ಮಸಿ ಒತ್ತುತ್ತಾರೆ. ನೀರು ಎಂದರೆ ಸೃಷ್ಟಿ, ಬಟ್ಟೆ ಎಂದರೆ ಗರ್ಭ, ಬಡಿತ ಎಂದರೆ ಆದಿಮ ಉನ್ಮಾದ, ಮಸಿ ಎಂದರೆ ಪ್ರಳಯ. ಓದಿ ನನಗೇ ಸ್ವಲ್ಪ ಹೆದರಿಕೆಯಾಯಿತು.

ಕಾಂತಾ ಬೆನ್ನ ಹಿಂದೆ ನಿಂತು ಓದಿದಳು. "ಒಮ್ಮೆ ಹೋಗಿ ನೋಡಿ ಬರಬಾರದೇನ್ರಿ?"

"ಈ ಮಳಿಯಾಗ? ಅಲ್ಲಿ ಜಿಗಣಿ ಅದಾವ."

"ಪುಸ್ತಕದಾಗಿನ ಜಿಗಣಿ ಕಡಿಯಂಗಿಲ್ಲ, ಖರೇ," ಎಂದು ಒಳಗೆ ಹೋದಳು. ಮನೆಯಲ್ಲೂ ವಿರೋಧ ಪಕ್ಷ.

೨೮ ಅಕ್ಟೋಬರ್

ಸರ್ವನಾಶ. ಪ್ರೊಫೆಸರರ ಅಭಿನಂದನೆಗೆ ಜನವರಿಯಲ್ಲಿ ವಿಚಾರ ಸಂಕಿರಣವಂತೆ, ಅದರಲ್ಲಿ ನನ್ನ ಪ್ರಬಂಧವಂತೆ, ಅದಕ್ಕೆ ಕಲ್ಲಿನ ಬರಹದ ಪಡಿಯಚ್ಚು ಬೇಕಂತೆ. ಸಾಮಾನು ಅವರೇ ಕೊಟ್ಟು, ಕಲ್ಲು ತೊಳೆದು ಕಾಗದ ಹಚ್ಚಿ ಅಚ್ಚು ತೆಗೆಯುವುದನ್ನು ಹೇಳಿಕೊಟ್ಟರು. ಮನೆಗೆ ಬಂದು ಒಳಕಲ್ಲಿನ ಮೇಲೆ ಅಭ್ಯಾಸ ಮಾಡಿದೆ. ಅಚ್ಚು ಬರಲಿಲ್ಲ. ಮಧ್ಯಾಹ್ನದ ಶೇಂಗಾ ಚಟ್ನಿ ಮಾತ್ರ ಕಪ್ಪಾಗಿ ಬಂತು. ಕಾಂತಾ ಮಾತು ಬಿಟ್ಟಿದ್ದಾಳೆ.

೧೩ ನವೆಂಬರ್, ಖಾನಾಪುರ

ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪೆನ್ನು ಆಗಲೇ ಎರಡು ಕಡೆ ಹಾಳೆ ಹರಿದಿದೆ. ಸಿಟ್ಟಿಗೆ.

ಬೆಳಗ್ಗೆ ಮಾವಿನವಾಡಿ ತಲುಪಿದೆ. ಕಲ್ಲು ಊರ ತಲೆಬಾಗಿಲಲ್ಲೇ ಇದೆ, ಕರ್ರಗೆ, ನನ್ನ ಭವಿಷ್ಯದ ಹಾಗೆ. ಸುತ್ತ ಯಾರೂ ಇರಲಿಲ್ಲ. ನೀರು ಸುರಿದು ತೊಳೆದೆ. ದಪ್ಪ ಬಿಳಿ ಕಾಗದ ನೆನೆಸಿ ಹಚ್ಚಿದೆ. ಕುಂಚ ತೆಗೆದುಕೊಂಡು ಬಡಿಯತೊಡಗಿದೆ.

"ಏ ಮಾಸ್ತರ! ಯಾರನ್ನ ಕೇಳಿ ಪೂಜಿ ಸುರು ಮಾಡೀರಿ?"

ತಿರುಗಿದರೆ ನೀರಿನ ಕೊಡ ಹೊತ್ತ ಹೆಂಗಸರು, ಮುಂದೆ ಒಬ್ಬ ಮುದುಕಿ. ಹೆಸರು ಭರಮವ್ವ ಎಂದು ಆಮೇಲೆ ತಿಳಿಯಿತು. ಪೂಜೆಯ ಹಿರಿಯಳು ಅವಳೇ.

"ಪೂಜಿ ಅಲ್ಲ ಯವ್ವಾ. ಅಕ್ಷರದ ಅಚ್ಚು ತಗೀತೀನಿ."

"ನನಗ ಹೇಳತೀರಿ? ನೀರು ಹಾಕೀರಿ, ಹೊದಿಸೀರಿ, ಬಡ್ಯಾಕ ಹತ್ತೀರಿ. ಆ ಉಂಡಿ ಯಾತಕ್ಕ ತಂದೀರಿ? ಮಸಿ ಒತ್ತಾಕ ಹೌದಿಲ್ಲೋ? ಅಮಾಸಿ ಇಲ್ಲ, ಏನಿಲ್ಲ! ಅದೂ ಬೂಟು ಹಾಕ್ಕೊಂಡು! ಆ ಸಾಯೇಬ ಆದ್ರೂ ಬೂಟ ಬಿಚ್ಚಿದ್ದ."

"ಯಾವ ಸಾಹೇಬ?"

ಈ ಎರಡು ಶಬ್ದಗಳನ್ನು ನಾನು ಕೇಳದೆ ಇದ್ದಿದ್ದರೆ ಬರುವ ಜೂನಿನಲ್ಲಿ ಕಾಯಂ ಆಗುತ್ತಿದ್ದೆ.

"ಗಾಂಧಿ ಸತ್ತ ಮರುವರ್ಷ ಬಂದಿದ್ನಲ್ಲ, ಸರಕಾರದಾಂವ. ಮಂದೀನ್ನ ಕರ್ಕೊಂಡು ಬಂದು ಇದ್ದಬದ್ದ ಅಕ್ಷರದ ಕಲ್ಲಿಗೆಲ್ಲಾ ಹಿಂಗ ಮಾಡಿ ಹೋದ. ಅವಾಗ ಊರಾಗ ಮೈಲಿಬ್ಯಾನಿ. ಮನಿಮನಿಗೆ ಹುಡುಗುರು ಮಲಗಿದ್ವು. ಆಂವ ಕಲ್ಲಿಗೆ ಎರದಾ, ಹೊದಿಸಿದಾ, ಬಡದಾ, ದೃಷ್ಟಿಗೆ ಮಸಿ ಇಟ್ಟಾ. ಎಂಟ ದಿನದಾಗ ಬ್ಯಾನಿ ನಿಂತ್ವು ನೋಡ್ರಿ! ಸಾಯೇಬ ಹೋಗಿಬಿಟ್ಟಾ. ನಾವು ಸುಮ್ಮ ಕುಂದರೂದೇನು? ಕಾಗದ ಸಿಗಲಿಲ್ಲ, ಅರಿವಿ ಹಾಕಿದ್ವಿ."

"ಅದಕ್ಕೂ ಮೊದಲ ಈ ಪೂಜಿ ಇರಲಿಲ್ಲೇನು?"

"ಕಲಿಸಾಂವ ಬರಲಾರದ ಹೆಂಗ ಮಾಡಬೇಕ್ರಿ?"

ಅಷ್ಟರಲ್ಲಿ ಅವಳ ಗಂಡ ಕರೆಪ್ಪ ಬಂದು, "ಮೈಲಿಬ್ಯಾನಿ ಅಲ್ಲ, ಕಾಲರಾ," ಎಂದ. "ನಿಮಗೇನ ಗೊತ್ತು? ನೀವು ಅವಾಗ ಗ್ವಾವಾದಾಗ ಇದ್ರಿ," ಎಂದು ಅವಳು ಅವನ ಮೇಲೆ ಹರಿಹಾಯ್ದಳು. ಗಂಡ ಹೆಂಡಿರ ಜಗಳದ ನಡುವೆ ನಾನು ಕಾಗದ ಸುಲಿದುಕೊಂಡು ಓಡಿದೆ. ಹಿಂದಿನಿಂದ ಒಂದು ಕೂಗು ಬಂತು. "ಮಾಸ್ತರ, ಬಡಿಯೂದು ಮ್ಯಾಲಿಂದ ಕೆಳಗ! ಆ ಸಾಯೇಬಗ ಬರತಿತ್ತು, ನಿಮಗ ಬರಂಗಿಲ್ಲ!"

ಸೃಷ್ಟಿ, ಗರ್ಭ, ಉನ್ಮಾದ, ಪ್ರಳಯ! ಯಾವನೋ ಸರಕಾರಿ ನೌಕರ ಪಗಾರಕ್ಕಾಗಿ ಅಚ್ಚು ತೆಗೆದು ಹೋಗಿದ್ದಾನೆ. ಪ್ರೊಫೆಸರರು ಕಂಡಾಗ ಈ ಸಾವಿರ ವರ್ಷದ ಆಚರಣೆಗೆ ಹನ್ನೆರಡು ತುಂಬಿತ್ತು.

೧೪ ನವೆಂಬರ್, ಬೆಳಗಾವಿ

ಏನೂ ಆಗಿಲ್ಲ. ಮುದುಕಿಯ ಮಾತು. ಮರೆತುಬಿಟ್ಟಿದ್ದೇನೆ.

೧೫ ನವೆಂಬರ್

ಮರೆತಿದ್ದೇನೆ.

೧೭ ನವೆಂಬರ್

ಮರೆಯಬೇಕಾದರೆ ಭರಮವ್ವನ ಮಾತು ಸುಳ್ಳೆಂದು ಒಮ್ಮೆ ತೋರಿಸಿಬಿಡಬೇಕು. ಅದು ಕಷ್ಟವಿಲ್ಲ. ಹಳ್ಳದಾಚೆಯ ಬಿಳೆಕೊಪ್ಪದಲ್ಲಿ ಇಂಥದೇ ಕಲ್ಲಿದೆ, ಅದೇ ಕಾಲದ್ದು. ಎರಡೂ ಊರಿನ ದೇವಿಯೂ ಒಬ್ಬಳೇ. ಪೂಜೆ ಹಳೆಯದಾಗಿದ್ದರೆ ಅಲ್ಲಿಯೂ ಮಸಿ ಇರಲೇಬೇಕು. ಮಸಿ ಕಂಡೊಡನೆ ಮುದುಕಿಯನ್ನು ಮನಸಾರೆ ಬೈದು ಮನೆಗೆ ಬಂದು ನಿದ್ದೆ ಮಾಡುತ್ತೇನೆ.

ಕಾಂತಾ ಬುತ್ತಿಗೆ ರೊಟ್ಟಿ ಕಟ್ಟುತ್ತ, "ಪ್ರೊಫೆಸರ್ರು ಹೋಗು ಅಂದ್ರೇನು?" ಎಂದು ಕೇಳಿದಳು. ಇಲ್ಲ ಎಂದೆ. ವಿಚಿತ್ರವಾಗಿ ನೋಡಿದಳು.

೨೦ ನವೆಂಬರ್

ಬಿಳೆಕೊಪ್ಪದ ಕಲ್ಲು ಬೆಳ್ಳಗಿದೆ. ಬೆಳ್ಳಗೆ ಅಂದರೆ ಹಲ್ಲು ಕಿಸಿದ ಹಾಗೆ ಬೆಳ್ಳಗೆ.

ಅಲ್ಲಿ ಕುರಿ ಕಾಯುತ್ತಿದ್ದ ಸಾತಪ್ಪನನ್ನು ಹಿಡಿದು ಕೇಳಿದೆ. "ನಿಮ್ಮೂರಾಗ ಮಸಿ ಹಚ್ಚಂಗಿಲ್ಲೇನಪಾ? ಯಾಕ?"

"ನಮಗೇನ ಹುಚ್ಚು ಹಿಡದೈತೇನ್ರಿ?"

"ಹಿಂದಕ ಸರಕಾರದ ಸಾಹೇಬ್ರು ಯಾರರ ಬಂದಿದ್ರೇನು?"

"ಬರಾಂವ ಇದ್ದನಂತ. ಆ ವರ್ಷ ಮಳಿ ಲಗೂನ ಬಂತು, ಹಳ್ಳ ಬಂತು, ಆ ದಂಡಿ ಮ್ಯಾಲಿಂದ ಹಿಂದಕ ಹ್ವಾದಾ. ನಮ್ಮವ್ವ ಅವಗ ಕೋಳಿ ಕೊಯ್ದಿಟ್ಟಿದ್ದಳಂತ. ನಾವ ತಿಂದ್ವಿ."

ಸಾಹೇಬ ಕಾಲಿಟ್ಟ ಕಡೆ ಪೂಜೆ ಇದೆ, ಇಡದ ಕಡೆ ಇಲ್ಲ. ಆದರೂ ಒಂದು ಕೊನೆಯ ಆಸೆ ಇತ್ತು. ಆತ ಮರುದಿನ ಇಳಿದುಕೊಂಡನೆಂದು ಸಾತಪ್ಪ ಹೇಳಿದ ಇನ್ನೊಂದು ಊರಿಗೂ ಹೋದೆ; ಅಲ್ಲಿನ ಕಲ್ಲು ಬೆಳ್ಳಗಿದ್ದರೆ ಮುದುಕಿಯ ಲೆಕ್ಕ ಕೆಡುತ್ತಿತ್ತು. ಅಲ್ಲಿನ ಕಲ್ಲು ಮಸಿಯಲ್ಲಿ ಮುಳುಗಿತ್ತು. ಬೂಟು ಹರಿದಿದೆ. ಒಳ್ಳೆಯದೇ ಆಯಿತು. ಇನ್ನು ಅಲೆಯಲಾರೆ.

೧೧ ಡಿಸೆಂಬರ್

ಪ್ರೊಫೆಸರರಿಗೆ ಹೇಳಿಬಿಟ್ಟೆ. ಯಾಕೆ ಹೇಳಿದೆನೋ! ಅವರು ಕುಂದಾ ತಿನ್ನುತ್ತಿದ್ದರು, ಮುಖ ಪ್ರಸನ್ನವಾಗಿತ್ತು. ಕೇಳುತ್ತ ಕೇಳುತ್ತ ಚಮಚೆ ಬಸಿಯ ಮೇಲೆ ಇಟ್ಟರು.

"ಒಬ್ಬ ಮುದುಕಿ ಮಾತು ಕೇಳಿ ನನಗ ಸುಳ್ಳ ಅಂತೀಯೇನು?"

"ಮುದುಕಿ ಒಬ್ಬಾಕೀದ ಅಲ್ರಿ ಸರ. ಬಿಳೆಕೊಪ್ಪದ ಕಲ್ಲೂ ಅದನ್ನ ಹೇಳತೈತಿ."

"ಕಲ್ಲು ಹೇಳತೈತಿ! ಕಲ್ಲಿನ ಕೂಡ ಮಾತಾಡಾಕ ಹತ್ತೀಯಾ? ಗುರುಪಾದಪ್ಪಾ, ಸಂಶೋಧನಾ ಅಂದ್ರ ಕಟ್ಟೂದೋ, ಕೆಡವೂದೋ? ಹಿರೇರು ಕಟ್ಟಿದ್ದರ ಮ್ಯಾಲ ಒಂದ ಇಟ್ಟಂಗಿ ಇಡು, ಕೆಳಗ ಇಳಿ. ಬುನಾದಿ ಅಗಿ ಅಂತ ನಿನಗ ಯಾರ ಹೇಳ್ಯಾರು?"

"ಹಿಟ್ಟು ಬೀಸಿಸಿ ತಂದೀನ್ರಿ ಸರ," ಎಂದು ಚೀಲ ಇಟ್ಟು ಬಂದೆ. ಕಪಿಲೇಶ್ವರ ಗುಡಿ ದಾಟಿ ಮನೆ ಮುಟ್ಟುವವರೆಗೆ ಅವರಿಗೆ ಕೊಡಬೇಕಾಗಿದ್ದ ಉತ್ತರಗಳೆಲ್ಲ ಹೊಳೆದವು. ಬುನಾದಿಯೇ ಇಲ್ಲದಿದ್ದರೆ ಇಟ್ಟಂಗಿ ಎಲ್ಲಿ ಇಡಲಿ? ಗಾಳಿಯಲ್ಲಿ ಇಟ್ಟ ಇಟ್ಟಂಗಿ ಕೆಳಗೆ ನಿಂತವನ ತಲೆಯ ಮೇಲೇ ಬೀಳುತ್ತದಲ್ಲವೆ? ಎದುರಿನಿಂದ ಬಂದ ಸೈಕಲ್ಲಿನವನು ನನ್ನ ಕೈ ಬೀಸಾಟ ನೋಡಿ ದಾರಿ ಬಿಟ್ಟ.

೨೨ ಜನವರಿ ೧೯೮೪

ಸಂಕಿರಣದಲ್ಲಿ ಓದಿದೆ. ಬೇರೆಯದನ್ನೇ ಓದಬೇಕೆಂದು ಹೋಗಿದ್ದೆ. ಮೂರು ಅಧ್ಯಾಯಗಳೂ ಚೀಲದಲ್ಲಿದ್ದವು. ಎದ್ದು ನಿಂತಾಗ ಅವು ಎಷ್ಟು ಸಪ್ಪೆಯೆನಿಸಿದವೆಂದರೆ, ಬಾಯಿ ತನಗೆ ತಾನೇ ಭರಮವ್ವನ ವಿಷಯ ಹೇಳತೊಡಗಿತು.

ಮುಗಿದ ಮೇಲೆ ಸಭೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ. ಬಾಳಪ್ಪ. ತಟ್ಟಿಯೇ ತಟ್ಟಿದ.

೧ ಫೆಬ್ರುವರಿ

ಪ್ರೊಫೆಸರರು ಮಾರ್ಗದರ್ಶನ ಬಿಟ್ಟಿದ್ದಾರೆ. ಕಾಲೇಜಿನಲ್ಲಿ ನಾನು ಬಂದರೆ ಮಾತು ನಿಲ್ಲುತ್ತದೆ. ಕಾಂತಾ ಹೊಲಿಗೆ ಕೆಲಸ ಹಿಡಿಯುತ್ತೇನೆಂದಳು. ಬೇಡ ಎನ್ನಲು ಮುಖವಿರಲಿಲ್ಲ.

೨೧ ಫೆಬ್ರುವರಿ

ಮತ್ತೆ ಚಹಾ! ಈ ಸಲ ಜೊತೆಗೆ ಬಿಸ್ಕೀಟು.

"ದೇವರು ಇದ್ದಾನ್ರಿ ಗುರುಪಾದಪ್ಪನವರ," ಎಂದರು ಪ್ರಿನ್ಸಿಪಾಲರು. ಮಾವಿನವಾಡಿಯಲ್ಲಿ ಹುಟ್ಟಿ ಖಾನಾಪುರಕ್ಕೆ ಬಂದ ಸತ್ಯವ್ವ ಎಂಬ ಮುದುಕಿ ಸಿಕ್ಕಿದ್ದಾಳೆ. ಹುಡುಕಿದವನು ಬಾಳಪ್ಪ. ಅವಳ ಮದುವೆಯಾದದ್ದು ಗಾಂಧಿ ಇದ್ದಾಗ. ಕನ್ಯೆಯಾಗಿದ್ದಾಗಲೇ ದಿನವೂ ಆ ಕಲ್ಲಿಗೆ ನೀರು ಹಾಕಿ, ಬಿಳಿ ಬಟ್ಟೆ ಹಾಕಿ ಬಡಿದಿದ್ದಾಳಂತೆ. ಸಾಹೇಬ ಬರುವುದಕ್ಕೆ ಎಷ್ಟೋ ಮೊದಲು!

"ತಪ್ಪಾತು ಅಂತ ಒಂದ ಪುಟ ಬರದು ಶನಿವಾರದೊಳಗ ಕೊಡ್ರಿ. ಪ್ರೊಫೆಸರ್ರು ಮತ್ತ ನಿಮ್ಮನ್ನ ತಗೋತಾರು, ಪ್ರಬಂಧ ಮುಗಸಾಕ ಮುದತ್ತು ಕೊಡಸತಾರು. ಬಾಳಪ್ಪಂದೂ ಇನ್ನ ಮುಗಿದಿಲ್ಲ. ಅವರ ಒಂದ ಮಾತಿನ ಮ್ಯಾಲ ಜಾಗಾ ನಿಮ್ಮದ."

ನಾನು ತಪ್ಪೆಂದು ಕೇಳಿ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಬಾಳಪ್ಪನನ್ನು ಕಾರಿಡಾರಿನಲ್ಲಿ ಅಪ್ಪಿಕೊಂಡೆ. ಪ್ರೊಫೆಸರರ ಮನ ಒಲಿಸಿಕೊಳ್ಳಲು ಆ ಮುದುಕಿಯನ್ನು ಹುಡುಕಿದವನು ತಾನು, ಅದರಿಂದ ಉಳಿದವನು ನಾನು ಎಂಬುದು ಅವನಿಗೆ ಆಗತಾನೇ ಹೊಳೆದಿತ್ತು. ಅಪ್ಪುಗೆಯಲ್ಲಿ ಕಟ್ಟಿಗೆಯ ಹಾಗೆ ನಿಂತಿದ್ದ. ಕಾಂತಾ ಹುಗ್ಗಿ ಮಾಡಿದಳು.

ನಾಳೆ ಖಾನಾಪುರಕ್ಕೆ ಹೋಗಿ ಸತ್ಯವ್ವನನ್ನು ಒಮ್ಮೆ ಕಂಡು ಬರುತ್ತೇನೆ. ಸುಮ್ಮನೆ, ಉಪಚಾರಕ್ಕೆ. ಅವಳ ಹೆಸರು ಬರೆಯುವಾಗ ಮುಖ ಕಂಡಿದ್ದರೆ ಚೆನ್ನ.

೨೨ ಫೆಬ್ರುವರಿ, ಖಾನಾಪುರ

ಸತ್ಯವ್ವನ ಮಗ ಹಂಚಿನ ಕಾರ್ಖಾನೆಯಲ್ಲಿದ್ದಾನೆ. ಅಂಗಳದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. "ಬರ್ರಿ, ಕುಂದರ್ರಿ," ಎಂದಳು. ಇಂಥ ಮರ್ಯಾದೆ ನನಗೆ ಈ ವರ್ಷ ಮೊದಲು.

"ಲಗ್ನಕ್ಕಿಂತ ಮೊದಲ ಆ ಕಲ್ಲಿನ ಮ್ಯಾಲ ಬಿಳಿ ಅರಿವಿ ಹಾಕಿ ಬಡದೀರೇನ್ರಿ ಯವ್ವಾ?"

"ಬಡದಿಲ್ಲೇನು? ದಿನಾ ಬಡದೀನಿ. ನಮ್ಮತ್ತೀನೂ ಬಾಜೂಕ ಇರತಿದ್ಲು."

ಇಲ್ಲಿಗೆ ಏಳಬೇಕಾಗಿತ್ತು. ಎದ್ದಿದ್ದೆ ಕೂಡ. ಆದರೆ ಹಾಳು ಬಾಯಿ. "ಲಗ್ನಾಗೂಕಿಂತ ಮೊದಲ ಅತ್ತಿ ಎಲ್ಲಿಂದ ಬಂದಳು?"

"ಸ್ವಾದರತ್ತೀರಿ! ಅಪ್ಪನ ತಂಗಿ, ಅವಾಗ ನಮ್ಮ ಮನ್ಯಾಗನ ಇದ್ಲು! ಆಕೀ ಮಗಗ ನನ್ನ ಕೊಟ್ಟದ್ದು. ಇಷ್ಟೂ ತಿಳೀದ ನೀವು ಹುಡುಗುರಿಗೆ ಸಾಲಿ ಕಲಸತೀರಿ?"

ನನಗೆ ಹಿತವಾಯಿತು. ಮುದುಕಿ ಗಟ್ಟಿ, ಅಲ್ಲಾಡುವುದಿಲ್ಲ. ಈಗಲೂ ಗಾಡಿ ಸಿಗುವಂತಿತ್ತು. ಚಪ್ಪಲಿ ಮೆಟ್ಟುತ್ತ ಕೇಳಿದೆ, "ಮಸಿ ಯಾವಾಗ ಹಚ್ಚತಿದ್ರಿ? ಬಡಿದ ಮ್ಯಾಲೇನು?"

ಸತ್ಯವ್ವ ಮೊರ ಕೆಳಗಿಟ್ಟಳು.

"ಮಸಿ? ಮಸಿ ಯಾಕ ಹಚ್ಚೂಣು? ಇದ್ದ ಹೊಲಸು ಹೋಗಲಿ ಅಂತ ಬಡಿಯೂದು! ಅಡ್ಡ ಬಿದ್ದಿತ್ರಿ ಅದು ಅವಾಗ, ಹಳ್ಳದಾಗ. ಊರ ಅರಿವೀನ ಅದರ ಮ್ಯಾಲ ಒಗಿತಿದ್ವಿ. ಅಂಥಾ ಸಪಾಟ ಕಲ್ಲು ಈ ಊರಾಗ ಇಲ್ಲ ನೋಡ್ರಿ. ಲಗ್ನಾಗಿ ಪಂಚಮಿಗೆ ತವರಿಗೆ ಹೋಗತೀನಿ, ಎಬ್ಬಿಸಿ ತಂದು ಊರ ಬಾಗಲಾಗ ನಿಂದ್ರಿಸಿಬಿಟ್ಟಾರ! ದೇವರಂತ! ಒಗಿಯಾಕ ಜಾಗಾ ಇಲ್ಲ! ಆ ಹುಡುಗ ಬಾಳಪ್ಪ ಬಂದಿದ್ನಲ್ಲ, ಅವಗೂ ಇದನ್ನ ಹೇಳಾಕ ಹೋದ್ನಿ. 'ಬಡದೀರಿ ಹೌದಲ್ಲೋ, ಸಾಕು' ಅಂತ ಬರಕೊಂಡು ಹೋದಾ."

ಬಾಳಪ್ಪ ಜಾಣ. ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ಗೊತ್ತು. ನನಗೆ ಈ ಒಂದು ಗುಣ ದೇವರು ಕೊಡಲಿಲ್ಲ.

೨೫ ಫೆಬ್ರುವರಿ, ಬೆಳಗಾವಿ

ಶನಿವಾರ. ಪ್ರಿನ್ಸಿಪಾಲರಿಗೆ ಒಂದು ಪುಟ ಕೊಟ್ಟೆ. ಸತ್ಯವ್ವ ಹೇಳಿದ್ದೆಲ್ಲವನ್ನೂ ಬರೆದಿದ್ದೆ, ಅರಿವೆ ಒಗೆದದ್ದೂ ಸೇರಿ. ಓದಿ, ಮಡಚಿ, ಡ್ರಾವರಿನೊಳಗೆ ಹಾಕಿದರು. ಚಹಾ ಹೇಳಲಿಲ್ಲ.

೧೨ ಮಾರ್ಚ್

ಕಾಲೇಜಿನಿಂದ ಪತ್ರ ಬಂತು. ಬರುವ ವರ್ಷದಿಂದ ನನ್ನ ಅಗತ್ಯವಿಲ್ಲವಂತೆ. ಜಾಗ ಬಾಳಪ್ಪನಿಗೆ.

ಆದರೆ ಬೆಳಗಿನಿಂದ ನನ್ನ ತಲೆ ಕೆಟ್ಟಿರುವುದು ಬೇರೆ ಕಾರಣಕ್ಕೆ. ಹಳ್ಳದಲ್ಲಿ ಬಿದ್ದ ಕಲ್ಲನ್ನು ಎಬ್ಬಿಸಿ ನಿಲ್ಲಿಸಿದವರು ಯಾರು? ಸಾಹೇಬನೋ, ಊರವರೋ? ನಾನು ಎಂಥ ಗೂಬೆ, ಕೇಳಲೇ ಇಲ್ಲ! ಸತ್ಯವ್ವನ ಮದುವೆ ಗಾಂಧಿ ಇದ್ದಾಗ. ಆಕೆ ತವರಿಗೆ ಹೋದದ್ದು ಅದೇ ವರ್ಷದ ಪಂಚಮಿಗಾದರೆ ಸಾಹೇಬ ಇನ್ನೂ ಬಂದೇ ಇರಲಿಲ್ಲ. ಅಂದರೆ ಊರವರು ತಾವೇ ಅದನ್ನು ಎತ್ತಿ ದೇವರು ಮಾಡಿಕೊಂಡಿದ್ದರು. ಮಸಿ ಸಾಹೇಬನದು, ದೇವರು ಮೊದಲಿನದು. ಹಾಗಾದರೆ ಸಂಕಿರಣದಲ್ಲಿ ಎದೆ ಉಬ್ಬಿಸಿ ನಾನು ಹೇಳಿದ್ದರಲ್ಲಿ ಅರ್ಧ ತಪ್ಪು! ಮತ್ತೆ ಆ ಭರಮವ್ವ, ಅಷ್ಟು ಬಾಯಿ ಮಾಡಿದವಳು, ಇದೊಂದನ್ನು ಹೇಳಲಿಲ್ಲ ನೋಡು!

ನಾನು ಚೀಲ ತುಂಬುವುದನ್ನು ನೋಡಿ ಕಾಂತಾ ಹೊಲಿಗೆ ಮಷೀನಿನಿಂದ ತಲೆಯೆತ್ತಿ, "ನೌಕರೀನ ಹೋತು. ಇನ್ನ ಮಾವಿನವಾಡಿಗೆ ಯಾತಕ್ಕ ಹೊಂಟೀರಿ?" ಎಂದಳು.

"ಆ ಮುದುಕೀನ್ನ ಬೈಯಾಕ," ಎಂದೆ.

"ಬೈದು ಬರೂ ಮುಂದ ಏನೇನ ಹೇಳಿದ್ಲು ಬರಕೊಂಡು ಬರ್ರಿ," ಎಂದು ಮತ್ತೆ ತುಳಿಯತೊಡಗಿದಳು.

ನಾಳೆ ಬೆಳಗಿನ ಗಾಡಿಗೆ ಹೋಗುತ್ತೇನೆ. ಈ ದರಿದ್ರ ಸಂಶೋಧನೆಯ ಗೊಡವೆ ನನಗೆ ಇನ್ನಿಲ್ಲ. ಇದೊಂದನ್ನು ಕೇಳಿಕೊಂಡು ಬಂದುಬಿಟ್ಟರೆ ಮುಗಿಯಿತು.